ಮಗು, ನಾಯಿ ಮತ್ತು ಮೈತ್ರಿ


*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಮುಶಿಗೇರಿಯ ನಮ್ಮ ಓಣಿಯಲ್ಲಿ ಸಂಜೆ ಹೊತ್ತು ಒಮ್ಮೆ ನಿಂತು ನೋಡಿ. ಕಟ್ಟೆಯ ಮೇಲೆ ಕೂತ ಮಗುವಿನ ಕೈಯಲ್ಲಿ ಅರ್ಧ ಜೋಳದ ರೊಟ್ಟಿ, ಕಾಲ ಬಳಿ ಒಂದು ಬೀದಿನಾಯಿ. ಒಂದು ತುತ್ತು ತನಗೆ, ಒಂದು ಚೂರು ಅದಕ್ಕೆ. ಮರುದಿನ ಮಗು ಶಾಲೆಗೆ ಹೊರಟರೆ ಆ ನಾಯಿ ಗೇಟಿನ ತನಕ ಹಿಂದೆಯೇ ಹೋಗುತ್ತದೆ. ಶಾಲೆ ಬಿಡುವಾಗ ಮತ್ತೆ ಅಲ್ಲೇ ಕಾದಿರುತ್ತದೆ.

ಈ ನೋಟ ನನಗೆ ಬಹಳ ಕಾಲ ಹಿಡಿಸುತ್ತಿರಲಿಲ್ಲ. 'ನಾಯಿಗಿಂತ ಕಡೆ' ಎಂಬ ಮಾತು ಕೇಳಿ ಬೆಳೆದವನು ನಾನು. ನಾಯಿ ಒಳಗೆ ಬಂದರೆ ಹಚಾ ಎಂದು ಓಡಿಸಿ ಸುಮ್ಮನಾಗುತ್ತಿದ್ದವರು, ನಾವು ಹೊಸ್ತಿಲು ತುಳಿದರೆ ನೆಲ ತೊಳೆಯುತ್ತಿದ್ದರು. ಆ ಸಿಟ್ಟನ್ನು ನಾನು ತೀರಿಸಿಕೊಂಡದ್ದು ನಾಯಿಗೆ ಕಲ್ಲು ಎಸೆದು. ಒಂದು ದಿನ ನನ್ನ ಮಗನೇ ಅಡ್ಡ ಬಂದು ಕೇಳಿದ: "ಯಪ್ಪಾ, ಅದೇನ್ ಮಾಡೇತಿ ನಿನಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಮಹಾಡದಲ್ಲಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದರು. ಪ್ರಾಣಿಗಳಿಗೆ ಅಡ್ಡಿಯಿಲ್ಲದ ಆ ನೀರು ನಮ್ಮ ಜನರಿಗೆ ನಿಷಿದ್ಧವಾಗಿತ್ತು. ಆದರೆ ಆ ಹೋರಾಟ ನಾಯಿಯನ್ನು ಕೆರೆಯಿಂದ ಓಡಿಸುವುದಕ್ಕಲ್ಲ, ಮನುಷ್ಯನನ್ನು ಕೆರೆಗೆ ಕರೆತರುವುದಕ್ಕೆ. ತಪ್ಪು ನೀರು ಕುಡಿದ ನಾಯಿಯದಲ್ಲ, ಮನುಷ್ಯನನ್ನು ತಡೆದವರದು. 1934ರ ಫೆಬ್ರುವರಿಯಲ್ಲಿ ಮುಂಬಯಿಯ ರಾಜಗೃಹದಲ್ಲಿ ತೆಗೆದ ಕುಟುಂಬದ ಫೋಟೋ ನೋಡಿ. ಬಾಬಾಸಾಹೇಬರು, ಮಾತೆ ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಅವರ ಜೊತೆಗೆ ಬಾಬಾಸಾಹೇಬರ ಮೆಚ್ಚಿನ ನಾಯಿ ಟಾಬಿ. ಅಷ್ಟು ಅವಮಾನ ಉಂಡ ಮನೆಯಲ್ಲೂ ಅದಕ್ಕೆ ಜಾಗವಿತ್ತು.

ಕುಕ್ಕುರ ಜಾತಕದ ಕಥೆ ನೆನಪಿಸಿಕೊಳ್ಳಿ. ಪುನರ್ಜನ್ಮದ ಪುರಾವೆ ಎಂದಲ್ಲ, ನೀತಿ ಎಂದು ಓದೋಣ. ರಾಜನ ರಥದ ತೊಗಲಿನ ಪಟ್ಟಿಗಳನ್ನು ನಾಯಿಗಳು ಕಡಿದು ತಿಂದವು. ಊರಿನ ನಾಯಿಗಳನ್ನೆಲ್ಲ ಕೊಲ್ಲಿ ಎಂದು ಅಪ್ಪಣೆಯಾಯಿತು. ಅರಮನೆಯ ಒಳ್ಳೆ ತಳಿಯ ನಾಯಿಗಳಿಗೆ ಮಾತ್ರ ವಿನಾಯಿತಿ. ಆಗ ಸ್ಮಶಾನದ ನಾಯಿಗಳ ನಾಯಕ ದರ್ಬಾರಿಗೆ ಹೋಗಿ, ಇದು ನ್ಯಾಯವೇ ಎಂದು ಕೇಳಿತು. ಅದರ ಮಾತಿನಂತೆ ಅರಮನೆಯ ನಾಯಿಗಳಿಗೆ ಮಜ್ಜಿಗೆಯಲ್ಲಿ ಹುಲ್ಲು ಅರೆದು ಕುಡಿಸಿದರು. ಅವು ತೊಗಲನ್ನೇ ಕಾರಿಕೊಂಡವು!

ಹುಟ್ಟು ನೋಡಿ ಕೊಡುವ ತೀರ್ಪು ಎಂಥದ್ದು ಎಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು, ಸಂತೋಷ. ಓಣಿಯ ನಾಯಿಗೆ ಸಿಗುವುದು ಕಲ್ಲು. ಮಗು ಮಾತ್ರ ನಾಯಿಯ ತಳಿ ಕೇಳುವುದಿಲ್ಲ. ನಾಯಿಯೂ ಮಗುವಿನ ಜಾತಿ ಕೇಳುವುದಿಲ್ಲ. ರೊಟ್ಟಿ ಕೊಟ್ಟ ಕೈಯನ್ನು ಅದು ನೆನಪಿಡುತ್ತದೆ, ಅಷ್ಟೇ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ಇರುವ ವ್ಯತ್ಯಾಸ ತಿಳಿಸಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದನ್ನೂ ದಾಟಿ ಎಲ್ಲ ಜೀವಿಗಳಿಗೆ ಹರಡುವಂಥದ್ದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ 13ನೆಯದೂ ಇದೇ: ಸಕಲ ಜೀವಿಗಳಲ್ಲಿ ದಯೆ, ಅವುಗಳ ರಕ್ಷಣೆ.

ಕರುಣೆಯ ಜೊತೆ ಪ್ರಜ್ಞೆಯೂ ಇರಲಿ. ಮಗು ಹಚ್ಚಿಕೊಂಡ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂತ್ರ, ತಾಯಿತ ಬೇಡ.

*ಇಂದಿನ ಅಭ್ಯಾಸ:* ನಮಗೆ ಬಿದ್ದ ಕಲ್ಲನ್ನು ನಮಗಿಂತ ದುರ್ಬಲರ ಮೇಲೆ ಎಸೆಯದಿರೋಣ. ಸಂಜೆ ಮಗು ನಾಯಿಗೆ ರೊಟ್ಟಿ ಹಾಕುವಾಗ ಗದರಬೇಡಿ. ಪಕ್ಕದಲ್ಲಿ ಕೂತು ನೀವೂ ಒಂದು ಚೂರು ಹಾಕಿ.

ಭವತು ಸಬ್ಬ ಮಂಗಲಂ 🪷
ಸಾಧು! ಸಾಧು! ಸಾಧು!