ಹಿಂತಿರುಗಿ ಬಂದದ್ದರ ಲೆಕ್ಕ

ಸತ್ತವರನ್ನು ನೆನೆಯುವಾಗ ನಾವು ಅವರು ಮಾಡಿದ್ದನ್ನೆಲ್ಲ ಪಟ್ಟಿ ಮಾಡುತ್ತೇವೆ: ಹತ್ತಿದ ಬೆಟ್ಟ, ಕಟ್ಟಿದ ಮನೆ, ಪಡೆದ ಪದಕ. ಹತ್ತದೆ ಬಿಟ್ಟ ಬೆಟ್ಟಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ. ಒಬ್ಬ ಮನುಷ್ಯ ಮಾಡದೆ ಬಿಟ್ಟದ್ದನ್ನು ನೆನೆಯುವುದು ಹೇಗೆ? ಅದರಿಂದ ಒಳ್ಳೆಯದೇ ಆಗಿದ್ದರೆ ಸರಿ, ಕೆಡುಕೂ ಆಗಿದ್ದರೆ? ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಪ್ಪ ವಾಯುಸೇನೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದ. ನಿವೃತ್ತನಾಗಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದ ಮೇಲೆ ಮನೆಯೊಳಗೆ ಕೂತದ್ದು ಕಡಿಮೆ. ಕೊಡಚಾದ್ರಿ, ಕುಮಾರಪರ್ವತ, ತುಂಗೆಯ ದಂಡೆ ಎಂದು ತಿರುಗುತ್ತಿದ್ದ. ಮಳೆಗಾಲದಲ್ಲೂ ಕಾಲಿಗೆ ಉಂಬಳ ಹತ್ತದಂತೆ ಹೊಗೆಸೊಪ್ಪಿನ ನೀರು ಸವರಿಕೊಂಡು ಹೊರಟುಬಿಡುತ್ತಿದ್ದ. ಊರವರು ಅವನನ್ನು 'ಹೆದರಿಕೆ ಅಂದ್ರೆ ಏನಂತ ಗೊತ್ತಿಲ್ಲದ ಮನುಷ್ಯ' ಎನ್ನುತ್ತಾರೆ. ನಾನು ಕಂಡ ಅಪ್ಪನಿಗೆ ಹೆದರಿಕೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಗಂಟೆಗೆ ವಾಪಸ್ಸು ಎಂಬುದನ್ನು ಬೆಟ್ಟದ ಬುಡದಲ್ಲೇ ತೀರ್ಮಾನಿಸುತ್ತಿದ್ದ, ಮೇಲೆ ಹೋದ ಮೇಲೆ ಬದಲಾಯಿಸುತ್ತಿರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಒಮ್ಮೆ ಶೇಷಪರ್ವತದವರೆಗೆ ಹೋಗಿದ್ದೆವು. 1712 ಮೀಟರ್ ಎತ್ತರದ ಕುಮಾರಪರ್ವತದ ತುದಿ ಇನ್ನು ಸ್ವಲ್ಪವೇ ದೂರ. ಮಂಜು ಕವಿಯಿತು, ಗಂಟೆಯೂ ಆಯಿತು, ಅಪ್ಪ ತಿರುಗಿದ. ಮುಖ ಊದಿಸಿಕೊಂಡಿದ್ದ ನನಗೆ, 'ಬೆಟ್ಟ ಎಲ್ಲಿಗೆ ಓಡಿಹೋಗ್ತದೆ ಮಾರಾಯ್ತಿ? ಹೋಗೋದಾದ್ರೆ ನಾವೇ' ಎಂದಿದ್ದ.

ಈ ಕಟ್ಟಳೆಯನ್ನು ಅವನು ಕಲಿತದ್ದು ಸಿಯಾಚಿನ್‌ನಲ್ಲಿ. 1984ರಲ್ಲಿ ನಮ್ಮ ಸೇನೆ ಅಲ್ಲಿ ನೆಲೆಯೂರಿದಾಗಿನಿಂದ, ಎತ್ತರದ ಚೌಕಿಗಳಿಗೆ ಸಾಮಾನು ಒಯ್ಯುವುದು, ಕಾಯಿಲೆ ಬಿದ್ದವರನ್ನು ಕೆಳಗೆ ತರುವುದು ಚೀತಾ ಹೆಲಿಕಾಪ್ಟರುಗಳ ಕೆಲಸವಾಗಿತ್ತು. ಫ್ರಾನ್ಸಿನ ಲಾಮಾ ಹೆಲಿಕಾಪ್ಟರಿನ ವಿನ್ಯಾಸಕ್ಕೆ ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, ಒಂದೇ ಎಂಜಿನ್ನಿನ ಪುಟ್ಟ ಯಂತ್ರ ಅದು. 1972ರಲ್ಲಿ ಲಾಮಾ 12,442 ಮೀಟರ್ ಏರಿ ದಾಖಲೆ ಮಾಡಿತ್ತು. ಆದರೆ ದಾಖಲೆಗೆಂದು ಭಾರವಿಳಿಸಿ ಏರುವುದು ಬೇರೆ, ಹೊರೆ ಹೊತ್ತು ಹಿಮದ ಮೇಲೆ ಇಳಿಯುವುದು ಬೇರೆ. ಆರು ಸಾವಿರ ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ರೆಕ್ಕೆಗೆ ಹಿಡಿತ ಸಾಲದು, ಎಂಜಿನ್ನಿಗೆ ಉಸಿರು ಸಾಲದು. ಮೋಡ ಮುಚ್ಚಿದರೆ ನೆಲವೂ ಆಕಾಶವೂ ಒಂದೇ ಬಿಳುಪು. ಅಲ್ಲಿ ಹಿಂತಿರುಗುವುದೂ ಹಾರಾಟದ ಒಂದು ಭಾಗವೇ.

ನನ್ನ ಪಿಎಚ್‌ಡಿ ವಿಷಯ ಭಾರತೀಯ ದರ್ಶನಗಳಲ್ಲಿ ಅಭಾವ. ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು: ನೆಲದ ಮೇಲೆ ಮಡಕೆ ಇಲ್ಲ. ಈ 'ಇಲ್ಲ' ನಮಗೆ ತಿಳಿಯುವುದು ಹೇಗೆ? ಕುಮಾರಿಲ ಭಟ್ಟನ ಪ್ರಕಾರ ಅದಕ್ಕೆ ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಬೇಕು. ಪ್ರಭಾಕರನ ಪಂಥದವರು ಒಪ್ಪಲಿಲ್ಲ. ಆ ಜಗಳ ಇಲ್ಲಿ ಬೇಡ. ಅದರಲ್ಲಿರುವ ಒಂದು ಷರತ್ತು ಮಾತ್ರ ನಮಗೆ ಸಾಕು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆಂದು ಹೇಳಬಹುದು. ಕತ್ತಲೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಮಡಕೆ ಇಲ್ಲವೆಂದಾಗದು. ಏನಿರಬಹುದಿತ್ತು ಎಂದು ಬಲ್ಲವರಿಗಷ್ಟೇ ಇಲ್ಲದ್ದು ಕಾಣುತ್ತದೆ. ಅಪ್ಪ ತಪ್ಪಿಸಿದ ಅಪಘಾತಗಳು ಊರವರಿಗೆ ಕಾಣದಿರುವುದು ಅದಕ್ಕೇ. ಪಕ್ಕದ ಸೀಟಿನಲ್ಲಿ ಕೂತಿದ್ದವರಿಗೆ ಅವು ಕಂಡಿದ್ದವು.

ಇಷ್ಟಕ್ಕೇ ನಿಂತಿದ್ದರೆ ಇದು ಮಗಳೊಬ್ಬಳ ಹೆಮ್ಮೆಯ ಬರಹವಾಗುತ್ತಿತ್ತು. ಆದರೆ ಅಪ್ಪನ ಪೆಟ್ಟಿಗೆಯಲ್ಲಿ ಒಂದು ಕಿಸೆಪುಸ್ತಕ ಸಿಕ್ಕಿತು. ಹಕ್ಕಿಗಳ ಹೆಸರು, ಹೊಳೆಯ ನೀರಿನ ಮಟ್ಟ, ನಡೆದ ಮೈಲಿಗಳ ನಡುವೆ ತೊಂಬತ್ತರ ದಶಕದ ಒಂದು ಪುಟ. ಒಂದು ಚೌಕಿಯಲ್ಲಿ ಜವಾನನಿಗೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಎತ್ತರದಲ್ಲಿ ಬರುವ ಈ ಕಾಯಿಲೆಗೆ ಮುಖ್ಯ ಮದ್ದೆಂದರೆ ಬೇಗ ಕೆಳಗಿಳಿಸುವುದು. ಅಪ್ಪ ಬರೆದದ್ದು ಇಷ್ಟು: 'ಮೋಡ ಮುಚ್ಚಿತು. ಹಿಂತಿರುಗಿದೆವು. ಬೆಳಗ್ಗೆ ಮತ್ತೆ ಹೋದೆವು. ಹೊತ್ತು ಮೀರಿತ್ತು.' ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಆ ಹುಡುಗನ ಹೆಸರು, ಊರು, ಜಿಲ್ಲೆ.

ಮುಂದೆ ಹೋಗಿದ್ದರೆ ಆ ಹುಡುಗನ ಜೊತೆಗೆ ಇನ್ನಿಬ್ಬರು ಸಾಯಬಹುದಿತ್ತು. ಬದುಕಿಸಿ ತರಲೂಬಹುದಿತ್ತು. ಹಿಂತಿರುಗುವ ಗಳಿಗೆಯಲ್ಲಿ ಕಣ್ಣೆದುರು ಇದ್ದದ್ದು ಮೋಡ ಮಾತ್ರ. ತೀರ್ಮಾನ ಸರಿಯಾಗಿತ್ತೆಂದೇ ನಾನು ನಂಬುತ್ತೇನೆ. ಆದರೆ ಸರಿಯಾದ ತೀರ್ಮಾನಕ್ಕೆ ಬೆಲೆ ಇಲ್ಲವೆಂದಲ್ಲ. ಆ ಬೆಲೆ ತೆತ್ತವನು ತೀರ್ಮಾನ ಮಾಡಿದವನೂ ಅಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆದಾಗ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟ. ಅವನದೇನೂ ತಪ್ಪಿಲ್ಲದೆ ಒಂದು ಮಗು ಲಾರಿಯಡಿ ಸಿಕ್ಕಿಬಿಡುತ್ತದೆ. 'ನಿನ್ನ ತಪ್ಪಲ್ಲ' ಎಂದು ನಾವು ಸಮಾಧಾನ ಹೇಳುತ್ತೇವೆ, ಹೇಳಬೇಕಾದದ್ದೂ ಹೌದು. ಆದರೆ ಅವನು ಆ ಸಮಾಧಾನವನ್ನು ತಕ್ಷಣ ಒಪ್ಪಿಕೊಂಡು ಎದ್ದು ಹೋದರೆ ನಮಗೇ ಕಸಿವಿಸಿಯಾಗುತ್ತದೆ. ತಪ್ಪಿಲ್ಲದಿದ್ದರೂ ಉಳಿಯುವ ಆ ಭಾರ ಹುಚ್ಚಲ್ಲ. ತನ್ನ ಕೈಯಿಂದ ಲೋಕದಲ್ಲಿ ಏನಾಯಿತೆಂದು ಬಲ್ಲವನ ಲಕ್ಷಣ ಅದು. ಅಪ್ಪನ ಬೇರೆ ಶಾಯಿಯಲ್ಲಿ ನನಗೆ ಕಂಡದ್ದು ಇದೇ.

ದೊಡ್ಡತ್ತೆಗೆ ಈ ಪುಟ ತೋರಿಸಿದಾಗ, 'ಅವನೇ ಯಾರಿಗೂ ಹೇಳಲಿಲ್ಲ. ನೀನು ಯಾಕೆ ಹೇಳ್ತೀಯೆ? ಹೋದವರನ್ನು ನೆಮ್ಮದಿಯಾಗಿರಲು ಬಿಡು' ಎಂದರು. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಸತ್ತವರು ತಮ್ಮ ಪರವಾಗಿ ಮಾತಾಡಲಾರರು. ಅವರು ಮುಚ್ಚಿಟ್ಟದ್ದನ್ನು ಬಿಚ್ಚಲು ನಮಗೇನು ಹಕ್ಕು? ಆ ಹುಡುಗನ ಹೆಸರನ್ನೂ ಊರನ್ನೂ ನಾನಿಲ್ಲಿ ಬರೆಯದಿರುವುದು ಆ ಕಾರಣಕ್ಕೆ. ಅವು ಅವನ ಮನೆಯವರಿಗೆ ಸೇರಿದವು. ಆದರೆ 'ಹೆದರಿಕೆ ಗೊತ್ತಿಲ್ಲದ ಮನುಷ್ಯ' ಎಂಬ ಹೊಗಳಿಕೆಯೂ ಒಂದು ಅವಸರದ ಸಮಾಧಾನವೇ. ಅಪ್ಪ ಇಳಿಸಲೊಪ್ಪದ ಹೊರೆಯನ್ನು ನಾವು ಅವನ ಹೆಗಲಿನಿಂದ ಕಿತ್ತು ಬಿಸಾಡಿದಂತೆ. ಅವನನ್ನು ಹಗುರ ಮಾಡುತ್ತೇವೆಂದುಕೊಂಡು ನಾವು ಹಗುರಾಗುತ್ತೇವೆ.

ಪಿತೃಋಣವೆಂದರೆ ತಂದೆಗೆ ನಾವು ಕೊಡಬೇಕಾದ್ದು ಎಂದುಕೊಂಡಿದ್ದೇವೆ. ಆಸ್ತಿಯ ಜೊತೆ ಸಾಲವೂ ಮಕ್ಕಳಿಗೆ ಬರುವುದು ನಮ್ಮ ಕಡೆಯ ಹಳೆಯ ವಾಡಿಕೆ. ಹಾಗಾದರೆ ತಂದೆ ತೀರಿಸಲಾಗದ್ದೂ ಪಿತೃಋಣವೇ ಅಲ್ಲವೇ? ತರ್ಪಣದ ಕೊನೆಯಲ್ಲಿ ಬಂಧುಗಳಲ್ಲದವರಿಗೂ ನೀರು ಬಿಡುವ ಕ್ರಮವಿದೆ. ಈ ವರ್ಷ ತಮ್ಮ ಆ ನೀರು ಬಿಡುವಾಗ ಪಕ್ಕದಲ್ಲಿ ನಿಂತು, ಕಿಸೆಪುಸ್ತಕದಲ್ಲಿದ್ದ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅಪ್ಪನಿಗೆ ಪುಣ್ಯ ಬರಲಿ ಎಂದಲ್ಲ. ಅವನ ನೆನಪಿನ ಜೊತೆ ಬಂದ ಈ ಹೆಸರನ್ನು ಅವನು ಮರೆಯಲಿಲ್ಲ, ನಾನೂ ಮರೆಯುವಂತಿಲ್ಲ.