ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ?

ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳೋದು ತಪ್ಪಾ? ಕೇಳಿದರೆ ಎಲ್ಲರೂ ತಪ್ಪು ಅಂತಾರೆ. ಆದರೂ ಮಾಡೆಲ್, ರಿಪೋರ್ಟು, ವೈವಾ ಪ್ರಶ್ನೆಗಳಿಗೆ ಉತ್ತರ ಎಲ್ಲ ಸೇರಿಸಿ ಮಾರುವ ಅಂಗಡಿಗಳು ನಡೆಯುತ್ತಲೇ ಇವೆ. ಕೊಳ್ಳುವ ಹುಡುಗರು ಕೆಟ್ಟವರೇನಲ್ಲ. ಅವರ ವಾದ ಇಷ್ಟೇ: ಕ್ಯಾಂಪಸ್ಸಲ್ಲೇ ಕೆಲಸ ಸಿಕ್ಕಿದೆ, ಅದೂ ಸಾಫ್ಟ್‌ವೇರಲ್ಲಿ. ಇನ್ನು ಕಬ್ಬಿಣ ಕುಯ್ದು ಏನಾಗಬೇಕು? ಇದರಿಂದ ಯಾರಿಗೆ ನಷ್ಟ?

ಈ ಪ್ರಶ್ನೆಯನ್ನು ನಮ್ಮ ಸೀಮೆಗೆ ತಂದು ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡ್ತೀವಿ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಚಿಪ್ಪನ್ನಷ್ಟೇ ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೀಬೇಕು. ಉಂಡೆ ಹೋಳಾದರೆ ರೇಟು ಬಿತ್ತು. ಅಷ್ಟು ದಿನ ಕಾದಿದ್ದು ಒಂದೇ ಏಟಿಗೆ ಹೋಗುತ್ತೆ.

ಕಾಯಿ ಸುಲಿಯೋ ಮಶೀನು ಪ್ರಾಜೆಕ್ಟುಗಳಲ್ಲಿ ಹಳೇ ವಿಷಯ. ವೈವಾ ದಿನ ಆರಿಸಿ ತಂದ ಹತ್ತು ಹಸಿ ಕಾಯಿ ಸುಲಿದು ತೋರಿಸಿದರೆ ಮುಗೀತು. ಆದರೆ ಅಟ್ಟದ ಕಾಯಿಯ ಜಾಯಮಾನವೇ ಬೇರೆ. ಮಟ್ಟೆ ಒಣಗಿರುತ್ತೆ, ಒಂದೊಂದೂ ಒಂದೊಂದು ಗಾತ್ರ, ಒಳಗೆ ಉಂಡೆ ಸಡಿಲ. ಒತ್ತಡ ಕಮ್ಮಿಯಾದರೆ ನಾರು ಉಳಿಯುತ್ತೆ, ಹೆಚ್ಚಾದರೆ ಚಿಪ್ಪಿನ ಜೊತೆ ಉಂಡೆಯೂ ಹೋಗುತ್ತೆ. ಕಾಯಿಗೆ ಇಂಟರ್ನಲ್ ಮಾರ್ಕ್ಸ್ ಭಯವಿಲ್ಲ, ಆಗಲ್ಲ ಅಂದ್ರೆ ಆಗಲ್ಲ. ನಾಲ್ಕು ವರ್ಷದ ಓದಿನಲ್ಲಿ ವಸ್ತುವೇ ಎದುರು ನಿಂತು ‘ಇಲ್ಲ’ ಅನ್ನೋ ಪರೀಕ್ಷೆ ಬಹುಪಾಲು ಹುಡುಗರಿಗೆ ಇದೊಂದೇ. ಕೊಂಡವನು ಅದನ್ನೇ ಕಳ್ಕೊಳ್ತಾನೆ. ಇನ್ನೊಂದು ನಷ್ಟ ರೈತನದ್ದು. ಡೆಮೋ ನಂಬಿ ಕೆಟ್ಟವನು, ನಾಳೆ ನಿಜವಾಗಿ ಮಾಡಿಕೊಂಡು ಬಂದ ಹುಡುಗನಿಗೂ “ಹೋಗಪ್ಪ, ಇಂಥವು ಬೇಕಾದಷ್ಟು ನೋಡಿದೀವಿ” ಅಂತಾನೆ.

ಬೇರೆ ದಾರಿ ಇಲ್ಲವೇ ಇಲ್ಲ ಅನ್ನೋ ಹಾಗೂ ಇಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಹಳ್ಳಿಗಳಿಗಾಗಿ ‘ಅಸ್ತ್ರ’ ಶುರು ಮಾಡಿ, ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸಕ್ಕೆ ಕೂತರು. ಸೌದೆ ಉಳಿಸುವ ಅಸ್ತ್ರ ಒಲೆ ಆ ಪ್ರಯತ್ನದ ಫಲ. ಅಡುಗೆ ಮಾಡೋರ ಮುಂದೆ ಒಲೆ ಸುಳ್ಳು ಹೇಳಕ್ಕಾಗಲ್ಲ, ಹೊಗೆ ಬಂದರೆ ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೂ 1977ರಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಸಹಾಯಧನ ಕೊಡುತ್ತಾ ಬಂದಿದೆ.

“ನೀವು ಸಾಫ್ಟ್‌ವೇರಿನವರು ದಿನಾ ಬೇರೆಯವರ ಕೋಡ್ ತಗೊಳ್ಳಲ್ವಾ ಸಾರ್?” ಅಂತ ಹುಡುಗರು ಕೇಳಬಹುದು. ತಗೊಳ್ತೀವಿ. ಎಲ್ಲವನ್ನೂ ಸ್ವಂತ ಕೈಯಲ್ಲೇ ಮಾಡಿ ಅಂತ ನಾನೂ ಹೇಳ್ತಿಲ್ಲ. ವೆಲ್ಡಿಂಗ್ ಅಂಗಡೀಲಿ ಫ್ರೇಮ್ ಮಾಡಿಸಿ, ಮಾಡಿದವರ ಹೆಸರು ರಿಪೋರ್ಟಲ್ಲಿ ಹಾಕಿ. ಆದರೆ ಬೇರೆಯವರ ಕೋಡ್ ಸೇರಿಸಿದ ಸಿಸ್ಟಂ ರಾತ್ರಿ ಎರಡು ಗಂಟೆಗೆ ನಿಂತರೆ ಫೋನ್ ಬರೋದು ನನಗೇ. ಆ ಫೋನ್ ಎತ್ತಕ್ಕೆ ತಯಾರಿದ್ದರೆ ಮಾತ್ರ ಅದು ನನ್ನ ಕೆಲಸ. ಸ್ವಂತದ್ದು ಅನ್ನೋದಕ್ಕೆ ನನಗೆ ಗೊತ್ತಿರೋ ಅರ್ಥ ಇದು. ಮಾಡಿದ್ದು ಯಾರು ಅನ್ನೋದಕ್ಕಿಂತ, ಕೆಟ್ಟಾಗ ಉತ್ತರ ಹೇಳೋರು ಯಾರು ಅನ್ನೋದು ದೊಡ್ಡ ಪ್ರಶ್ನೆ.

ಹಾಗಂತ ಹುಡುಗರನ್ನು ಮಾತ್ರ ಬೈದರೆ ಅನ್ಯಾಯ. ಓಡದ ಮಶೀನಿಗೆ ಮಾರ್ಕ್ಸ್ ಕಟ್, ಕೊಂಡ ಮಶೀನಿಗೆ ಶಹಭಾಸ್ ಅಂದರೆ ಯಾರು ತಾನೇ ಕೈ ಸುಟ್ಟುಕೊಳ್ತಾರೆ? “ನೂರು ಕಾಯಿ ಹಾಕಿದ್ವಿ, ಇಷ್ಟು ಒಡೆದುಹೋದವು, ಕಾರಣ ಇದು” ಅಂತ ಪ್ರಾಮಾಣಿಕವಾಗಿ ಬರೆದ ಸೋತ ಪ್ರಾಜೆಕ್ಟಿಗೆ ಒಳ್ಳೇ ಮಾರ್ಕ್ಸ್ ಕೊಡೋ ಧೈರ್ಯ ಮೇಷ್ಟ್ರುಗಳಿಗೂ ಬೇಕು. ಮುಂದಿನ ವರ್ಷದ ಬ್ಯಾಚು ಅಲ್ಲಿಂದ ಶುರು ಮಾಡಬಹುದು.

ವೈವಾಕ್ಕೆ ದೊಡ್ಡ ಪ್ರಶ್ನೆಗಳೇನೂ ಬೇಡ. ಒಂದು ಸ್ಪ್ಯಾನರ್ ಕೈಗೆ ಕೊಟ್ಟು, “ಬಿಚ್ಚಪ್ಪ, ಮತ್ತೆ ಜೋಡಿಸು” ಅಂದರೆ ಸಾಕು.