ಎಣಿಕೆಯಲ್ಲಿ ತಾಯಿ ಎಲ್ಲಿದ್ದಾಳೆ?

ಜನಸಂಖ್ಯೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಯಾರ ಮನೆಯಲ್ಲಿ ಎಷ್ಟು ಮಕ್ಕಳು? ಬೀದರಿನ ಚೌಬಾರದ ಸುತ್ತಲಿನ ಚಹಾ ಅಂಗಡಿಗಳಲ್ಲೂ ಭಾಲ್ಕಿಯ ಬಸ್ ನಿಲ್ದಾಣದಲ್ಲೂ ಈ ಲೆಕ್ಕ ನಡೆಯುತ್ತದೆ. ಹೆತ್ತವಳ ಮೈಯಲ್ಲಿ ರಕ್ತವಿತ್ತೇ, ಆ ಮಗು ಬೇಕೆಂದು ಅವಳು ಹೇಳಿದ್ದಳೇ ಎಂದು ಕೇಳುವವರು ಕಡಿಮೆ.

ಮೊದಲು ಆ ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ದೇಶದ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. 2019-21ರ ಸಮೀಕ್ಷೆಯಲ್ಲಿ ಇವು 2.4 ಮತ್ತು 1.9ಕ್ಕೆ ಇಳಿದವು. ಕರ್ನಾಟಕದ ಒಟ್ಟು ಸರಾಸರಿ 1.7. ಅದೇ ಸಮೀಕ್ಷೆಯಲ್ಲಿ ಶಾಲೆಯ ಮುಖ ಕಾಣದ ಮಹಿಳೆಯರ ಸರಾಸರಿ 2.8, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರದು 1.8. ಅಂದರೆ ತೊಟ್ಟಿಲ ಲೆಕ್ಕದಲ್ಲಿ ಧರ್ಮದಷ್ಟೇ, ಅದಕ್ಕಿಂತ ಹೆಚ್ಚಾಗಿಯೇ, ಹುಡುಗಿಯ ಪಾಟಿಚೀಲ ಮಾತಾಡುತ್ತದೆ. ಆರೋಪ ಮಾಡುವವರೂ ಅದಕ್ಕೆ ಉತ್ತರ ಕೊಡುವ ನಾವೂ ಇದನ್ನು ಮರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ ಔರಾದ್ ತಾಲೂಕಿನ ಒಂದು ಹಳ್ಳಿಗೆ ನಾವು ಸಾವಿನ ಮನೆಗೆ ಹೋಗಿದ್ದೆವು. ತೀರಿಕೊಂಡವಳಿಗೆ ಅದು ನಾಲ್ಕು ವರ್ಷದಲ್ಲಿ ಮೂರನೆಯ ಹೆರಿಗೆ. ನೋವು ರಾತ್ರಿಯೇ ಶುರುವಾಗಿತ್ತು. ಗಂಡ ಹೈದರಾಬಾದಿನಲ್ಲಿ ಕೂಲಿಗೆ ಹೋಗಿದ್ದ. ಅವನನ್ನು ಕೇಳದೆ ಹೇಗೆ ಎಂದು ಹಿರಿಯರು ಬೆಳಗಿನವರೆಗೆ ಕಾದರು. ಜೀಪು ಸಿಗುವುದು ತಡವಾಯಿತು. ಮುಟ್ಟಿದ ಆಸ್ಪತ್ರೆಯಲ್ಲಿ ರಕ್ತವಿರಲಿಲ್ಲ. ಬೀದರಿಗೆ ಒಯ್ಯಿರಿ ಎಂದರು. ದಾರಿಯಲ್ಲೇ ಎಲ್ಲ ಮುಗಿಯಿತು.

"ಅಲ್ಲಾಹನ ಮರ್ಜಿ" ಎಂದರು ಹಿರಿಯರು. ಪಕ್ಕದ ಮನೆಯ ಮುದುಕರು "ಹಣೆಬರಹ" ಎಂದರು. ನಾವೂ ತಲೆಯಾಡಿಸಿದೆವು. ಆಗ ಒಳಗಿನಿಂದ ಅವಳ ತಾಯಿಯ ಮಾತು ಕೇಳಿಸಿತು: "ಈಗಲೇ ಇನ್ನೊಂದು ಬ್ಯಾಡ ಅಂದಿದ್ಳು. ಕೇಳೋರು ಯಾರು?"

ಬಾಣಂತಿಯರ ಸಾವುಗಳನ್ನು ಅಧ್ಯಯನ ಮಾಡಿದ ಥಡ್ಡಿಯಸ್ ಮತ್ತು ಮೇಯ್ನ್ ಎಂಬ ಸಂಶೋಧಕಿಯರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗಲು ನಿರ್ಧರಿಸುವುದರಲ್ಲಿ ವಿಳಂಬ, ತಲುಪುವುದರಲ್ಲಿ ವಿಳಂಬ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ವಿಳಂಬ. ಆ ಹಳ್ಳಿಯ ರಾತ್ರಿಯಲ್ಲಿ ಮೂರೂ ಇದ್ದವು. ವಿಧಿಯೆಂದು ನಾವು ಕರೆದದ್ದರ ಒಳಗೆ ಎಷ್ಟೊಂದು ಮನುಷ್ಯರ ಕೈಯಿತ್ತು!

ಎರಡನೆಯ, ಮೂರನೆಯ ವಿಳಂಬಗಳಿಗೆ ಸರಕಾರ ಉತ್ತರಿಸಬೇಕು. ಔರಾದ್ ಮತ್ತು ಭಾಲ್ಕಿಯನ್ನು ಡಾ. ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ ತಾಲೂಕುಗಳೆಂದು ಹೇಳಿತ್ತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಏರಿಸಿದ ದ್ರಾವಣದ ಮೇಲೆಯೇ ಅನುಮಾನ ಬಂತು. ಆಸ್ಪತ್ರೆಯ ಬಾಗಿಲು ತಲುಪಿದರಷ್ಟೇ ಸಾಲದೆಂದು ಅದು ತೋರಿಸಿತು.

ಆದರೆ ಮೊದಲನೆಯ ವಿಳಂಬ ನಮ್ಮ ಮನೆಯದು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ದೇವರ ಮೇಲೆ ಭಾರ ಹಾಕಬೇಕೆಂದು ಕಲಿತವರು ನಾವು. ಕಟ್ಟದೆ ಬಿಟ್ಟು ಮರ್ಜಿಯ ಮಾತಾಡುವುದು ಭಕ್ತಿಯಲ್ಲ, ಹೊಣೆಯಿಂದ ಜಾರಿಕೊಳ್ಳುವುದು. ಈ ಜಾರಿಕೆ ಯಾವ ಒಂದು ಸಮುದಾಯದ್ದೂ ಅಲ್ಲ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಪ್ರಮಾಣ ಸೊನ್ನೆಗೆ ಹತ್ತಿರ. ಹೆರುವ ಭಾರವೂ ನಿಲ್ಲಿಸುವ ಭಾರವೂ ಒಂದೇ ಮೈಯ ಮೇಲೆ. ತೀರ್ಮಾನ ಮಾತ್ರ ಬೇರೆಯವರದು.

ಹಾಗಾದರೆ ಅಂಕಿಸಂಖ್ಯೆಗಳೇ ಬೇಡವೇ? ಬೇಕು. 2001-03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಸತ್ತವರನ್ನು ಯಾರೋ ಎಣಿಸಿದ್ದರಿಂದಲೇ ಇದು ಸರಕಾರದ ತಲೆನೋವಾಯಿತು, ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದರು. ಎದುರಾಳಿಯನ್ನು ಹೆದರಿಸಲು ಎಣಿಸುವುದು ಒಂದು, ಉಳಿಸಲು ಎಣಿಸುವುದು ಇನ್ನೊಂದು. ಎರಡಕ್ಕೂ ಬೇಕಾದ ಗಣಿತ ಒಂದೇ, ನೀತಿ ಮಾತ್ರ ಬೇರೆ.

ನಮ್ಮ ಕೈಲಾಗುವ ಕೆಲಸಗಳು ದೊಡ್ಡವೇನಲ್ಲ. ದಿನ ತುಂಬಿದವಳನ್ನು ಯಾರನ್ನೂ ಕೇಳದೆ ಕರೆದೊಯ್ಯಬಹುದೆಂದು ಗಂಡ ಮೊದಲೇ ಹೇಳಿಹೋಗಲಿ. ಮೊಹಲ್ಲಾದ ಹುಡುಗರು ರಕ್ತ ಕೊಡಲು ಹೆಸರು ಬರೆಸಲಿ. ಹೆಣ್ಣುಮಗುವಿನ ಓದನ್ನು ಹತ್ತನೆಯ ತರಗತಿಗೇ ನಿಲ್ಲಿಸುವ ಮೊದಲು ತಂದೆ ಇನ್ನೊಮ್ಮೆ ಯೋಚಿಸಲಿ. ಎಲ್ಲಕ್ಕಿಂತ ಮೊದಲು, ಮನೆಯ ಸೊಸೆಯನ್ನು ಒಂದು ಮಾತು ಕೇಳೋಣ: "ನಿನಗೇನು ಬೇಕಮ್ಮ?" ಆ ಹಳ್ಳಿಯ ಮನೆಯಲ್ಲಿ ಅವಳು ಕೇಳದೆಯೇ ಉತ್ತರ ಹೇಳಿದ್ದಳು. ಕೇಳಿಸಿಕೊಳ್ಳಬೇಕಾದವರು ಹೊರಗೆ ಮಕ್ಕಳ ಲೆಕ್ಕ ಹಾಕುತ್ತ ಕೂತಿದ್ದೆವು.